ಹಳೇ ಕಾರಿನ ಪಾಟಾ, ನನ್ನ ಬೆನ್ನು

ಯಜಮಾನರು ಕಾರಿನ ಕೆಳಗೆ ಹೋದರೆ ಹೊರಗೆ ಉಳಿಯುತ್ತಿದ್ದದ್ದು ಅವರ ಪಾದಗಳು ಮಾತ್ರ. ನಾನು ಕಟ್ಟೆಯ ಮೇಲೆ ಹಾಕಿದ ಮಂಚದಲ್ಲಿ ಒರಗಿಕೊಂಡು ಆ ಪಾದಗಳನ್ನೇ ಕಾಯುತ್ತಿದ್ದೆ. ಬೆರಳು ಆಡುತ್ತಿದ್ದರೆ ಎಲ್ಲ ಸರಿ ಇದೆ ಎಂದರ್ಥ. ಆಡದಿದ್ದರೆ ನನಗೆ ಭಯ. ಏನ್ರೀ ಎಂದು ಕೂಗುತ್ತಿದ್ದೆ. ಒಳಗಿನಿಂದ ಗೊಣಗಿದ ದನಿ ಬಂದ ಮೇಲೆ ಉಸಿರು ಬಿಟ್ಟು, ಮತ್ತೆ ಬೆರಳು ನೋಡುವ ಕೆಲಸ. ಈ ವಯಸ್ಸಿನಲ್ಲಿ ಬೇರೆ ಹೆಂಗಸರು ಟಿವಿಯಲ್ಲಿ ಧಾರಾವಾಹಿ ನೋಡುತ್ತಾರೆ. ನನ್ನ ಪಾಲಿಗೆ ಗಂಡನ ಕಾಲ್ಬೆರಳು ಬಂದಿತ್ತು.

ಅವರು ಮೆಕ್ಯಾನಿಕ್ ಅಲ್ಲ, ನನ್ನ ಭಯಕ್ಕೆ ಮೂಲ ಅದೇ. ರಾಯದುರ್ಗದ ಜೀನ್ಸ್ ಹೊಲಿಯುವ ಶೆಡ್ಡುಗಳಲ್ಲಿ ಕಟಿಂಗ್ ಮಾಸ್ಟರ್ ಆಗಿ ಆಯುಷ್ಯ ಕಳೆದವರು. ಕತ್ತರಿ, ಟೇಪು, ಸೀಮೆಸುಣ್ಣ ಕೊಟ್ಟರೆ ಅವರಂಥವರು ಸಿಗುವುದಿಲ್ಲ. ಸ್ಪ್ಯಾನರ್ ಹಿಡಿದದ್ದು ಮಾತ್ರ ಕೆಲಸ ಬಿಟ್ಟ ಮೇಲೆ, ಅದೂ ಮೊಬೈಲಿನಲ್ಲಿ ವಿಡಿಯೊ ನೋಡಿ. ಯಾವ ದೇಶದವರೋ ಇಂಗ್ಲಿಷಿನಲ್ಲಿ ಹೇಳಿಕೊಡುತ್ತಿದ್ದರು. ಇವರು ದನಿ ಮುಚ್ಚಿ, ಅವರ ಕೈ ಎಲ್ಲಿ ಹೋಗುತ್ತದೆ ಎಂದಷ್ಟೇ ನೋಡುತ್ತಿದ್ದರು. ಅರ್ಥವಾಯಿತೇ ಎಂದು ಕೇಳಿದರೆ, ಕೈಗೆ ಭಾಷೆ ಬೇಕಿಲ್ಲ ಎಂದು ನನ್ನನ್ನೇ ದಬಾಯಿಸುತ್ತಿದ್ದರು.

ಇಷ್ಟೆಲ್ಲ ಯಾಕೆ ಎಂದರೆ ನನ್ನ ಬೆನ್ನಿನಿಂದಾಗಿ. ಮಾಳಿಗೆಯ ಮೇಲೆ ಹುಣಸೆಹಣ್ಣು ಒಣಹಾಕಿ ಇಳಿಯುವಾಗ ಜಾರಿ ಬಿದ್ದೆ. ಅನಂತಪುರದಲ್ಲಿ ಬೆನ್ನಿನ ಆಪರೇಷನ್ ಆಯಿತು. ಆಪರೇಷನ್ನಿಗೆ ನಾನು ಹೆದರಲಿಲ್ಲ, ಮತ್ತು ಬರುವ ಮದ್ದು ಕೊಟ್ಟಿದ್ದರಿಂದ ಏನೂ ಗೊತ್ತಾಗಲಿಲ್ಲ. ಹೆದರಿದ್ದು ವಾಪಸು ಬರುವ ದಾರಿಗೆ. ಬಾಡಿಗೆ ವ್ಯಾನಿನಲ್ಲಿ ಮಲಗಿಸಿ ಕರೆತಂದರು. ಗುಂಡಿ ಬಂದಾಗಲೆಲ್ಲ ಹೊಲಿಗೆ ಹಾಕಿದ ಜಾಗದಲ್ಲಿ ಯಾರೋ ಒದ್ದ ಹಾಗಾಗುತ್ತಿತ್ತು. ಊರು ಮುಟ್ಟುವ ಹೊತ್ತಿಗೆ ಸೆರಗನ್ನು ಕಚ್ಚಿ ಕಚ್ಚಿ ಹರಿದುಹಾಕಿದ್ದೆ. ಅವತ್ತಿನಿಂದ ನಾನು ಯಾವ ಗಾಡಿಯನ್ನೂ ಹತ್ತಿರಲಿಲ್ಲ. ಆಟೋ ಸದ್ದು ಕೇಳಿದರೆ ಬೆನ್ನು ತಾನಾಗಿಯೇ ಬಿಗಿಯುತ್ತಿತ್ತು. ನಡೆದು ಹೋಗಬಹುದಾದಷ್ಟು ದೂರಕ್ಕೆ ನನ್ನ ಲೋಕ ಮುಗಿಯುತ್ತಿತ್ತು.

ಅಷ್ಟಾದರೂ ನೋವಿದೆ ಎಂದು ಯಾರ ಹತ್ತಿರವೂ ಹೇಳಿದವಳಲ್ಲ. ಊರಿನ ಡಾಕ್ಟರು ತೆಲುಗಿನಲ್ಲಿ ನೊಪ್ಪಿ ಉಂದಾ ಅಮ್ಮಾ, ನೋವಿದೆಯಾ ಎಂದರೆ ಲೇದು ಸಾರ್, ಇಲ್ಲ ಎನ್ನುತ್ತಿದ್ದೆ. ಯಜಮಾನರು ಕೇಳಿದರೆ ಏನಿಲ್ರಿ ಎಂದು ರಾಯದುರ್ಗದ ಸೊಸೆಯಾಗಿ ಹೇಳುತ್ತಿದ್ದೆ. ಮಡಕಶಿರಾದ ತಂಗಿ ಫೋನು ಮಾಡಿದರೆ ಏನೂ ಇಲ್ಲ ಕಣೆ ಎಂದು ತವರಿನ ಮಾತಿಗೆ ತಿರುಗುತ್ತಿದ್ದೆ. ಗೋಳು ಹೇಳಿಕೊಳ್ಳುವ ಹೆಂಗಸರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಅವರ ಸಾಲಿಗೆ ಸೇರಲು ಮನಸ್ಸಿರಲಿಲ್ಲ.

ತಂಗಿಯ ಸುದ್ದಿ ಹೇಳಿದೆನಲ್ಲ, ನನ್ನ ಹೊಟ್ಟೆಯೊಳಗಿನ ಸಂಕಟವೆಲ್ಲ ಅವಳದೇ. ಗುಡಿಬಂಡೆ ಕಡೆಯಿಂದ ಮಡಕಶಿರಾಕ್ಕೆ ಹೋಗುವ ದಾರಿಯಲ್ಲಿ ಅವಳ ತೋಟ. ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳ ಸಾಕುತ್ತಾಳೆ. ಹುಳಕ್ಕೆ ಹೊತ್ತುಹೊತ್ತಿಗೆ ಸೊಪ್ಪು ಬೀಳಬೇಕು, ಒಂದು ಬೆಳೆ ಗೂಡು ಕಟ್ಟುವಷ್ಟರಲ್ಲಿ ಇನ್ನೊಂದು ಬೆಳೆಯ ಮರಿಹುಳ ಬಂದಿರುತ್ತದೆ. ಅವಳು ಮನೆ ಬಿಟ್ಟು ಬರುವಂತಿಲ್ಲ, ನಾನು ಗಾಡಿ ಹತ್ತುವಂತಿಲ್ಲ. ಒಂದೇ ಸೀಮೆಯಲ್ಲಿದ್ದೂ ಎರಡು ವರ್ಷ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಫೋನಿನ ಕೊನೆಗೆ ಪ್ರತಿ ಸಲ ಒಂದೇ ಮಾತು, "ಯಾವಾಗ ಬತ್ತೀಯಕ್ಕ?" ನಾನು ಬರ್ತೀನಿ ಬರ್ತೀನಿ ಎಂದು ಫೋನಿಡುತ್ತಿದ್ದೆ, ಆಮೇಲೆ ಒಲೆಯ ಮುಂದೆ ನಿಂತು ಅಳುತ್ತಿದ್ದೆ. ಹೀಗೇ ಇಬ್ಬರೂ ಮುದುಕಿಯರಾಗಿ, ಒಬ್ಬಳು ಸತ್ತ ಸುದ್ದಿ ಇನ್ನೊಬ್ಬಳಿಗೆ ಫೋನಿನಲ್ಲೇ ಮುಟ್ಟುತ್ತದೆ ಎಂಬ ಹೆದರಿಕೆ ನನ್ನನ್ನು ಬಿಡುತ್ತಿರಲಿಲ್ಲ.

ಕಾರಿನ ಹುಚ್ಚಿಗೆ ಕಾರಣವೂ ನನ್ನದೇ ಒಂದು ಮಾತು. ನಮ್ಮ ಮದುವೆಯಾದಾಗ ಇಲ್ಲಿನ ಎಣ್ಣೆ ಮಿಲ್ಲಿನ ಮಾಲೀಕರು ತಮ್ಮ ಕಾರು ಕೊಟ್ಟಿದ್ದರು. ಉಬ್ಬಿದ ಬೆನ್ನಿನ, ದಪ್ಪ ತಗಡಿನ, ಆಗಲೇ ಹಳೆಯದಾಗಿದ್ದ ಕಾರು. ಮಡಕಶಿರಾ ಬಿಟ್ಟು ಅಳುತ್ತ ಕೂತವಳು ಕಲ್ಯಾಣದುರ್ಗ ಬರುವಷ್ಟರಲ್ಲಿ ನಿದ್ದೆ ಹೋಗಿದ್ದೆ. ಆ ಕಾರಿನಲ್ಲಾದರೆ ಇವತ್ತೂ ಹೋಗಬಹುದಿತ್ತೇನೋ ಎಂದು ಒಮ್ಮೆ ಬಾಯಿ ತಪ್ಪಿ ಅಂದೆ. ಅಷ್ಟೇ. ಮುಚ್ಚಿಹೋದ ಮಿಲ್ಲಿನ ಶೆಡ್ಡಿನಲ್ಲಿ ಕೋಳಿ ಮೊಟ್ಟೆ ಇಡುತ್ತಿದ್ದ ಆ ಕಾರನ್ನು ಇವರು ಕೇಳಿಕೊಂಡು, ಎಳೆಸಿಕೊಂಡು ಬಂದು ನಮ್ಮ ಅಂಗಳದಲ್ಲಿ ನಿಲ್ಲಿಸಿದರು. ಎಂಜಿನ್ನನ್ನು ಪೇಟೆಯ ಮೆಕ್ಯಾನಿಕ್ ಎಬ್ಬಿಸಿಕೊಟ್ಟ. ಕುಲುಕು ತಡೆಯುವ ಸಸ್ಪೆನ್ಷನ್ ಮಾತ್ರ ತಾವೇ ಮಾಡುವುದೆಂದು ಹಠ ಹಿಡಿದರು. ಗಾಡಿ ಓಡಿದರೆ ಮೆಕ್ಯಾನಿಕ್ಕಿಗೆ ಸಾಕು, ಅದು ಬಡಿಯಬಾರದು ಎಂಬುದು ತಮಗೆ ಬೇಕಾದದ್ದು ಎಂದು ಅವರ ವಾದ.

ಗಾಡಿಯ ಹಿಂಬದಿಯನ್ನು ಜಾಕಿನಿಂದ ಎತ್ತಿ, ಕುದುರೆ ಎನ್ನುವ ಕಬ್ಬಿಣದ ಮೋಟು ಸ್ಟ್ಯಾಂಡುಗಳ ಮೇಲೆ ಕೂರಿಸಿ, ಚಕ್ರ ಬಿಚ್ಚಿದರು. ಒಳಗೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಕೆಳಗೊಂದು ಜೋಡಿಸಿ ಬಿಗಿದಿರುತ್ತಾರೆ. ನಮ್ಮ ಕಡೆ ಅದಕ್ಕೆ ಪಾಟಾ ಅನ್ನುತ್ತಾರೆ. ಗಾಡಿಯ ಭಾರ ಹೊತ್ತು ಬಗ್ಗುವುದೂ, ಗುಂಡಿಯ ಪೆಟ್ಟನ್ನು ನುಂಗುವುದೂ ಅದೇ. ನಮ್ಮದರ ಪಾಟಾ ಬಿಲ್ಲಿನ ಆಕಾರ ಮರೆತು ಚಪ್ಪಟೆಯಾಗಿತ್ತು, ಒಂದು ಪಟ್ಟಿ ಮುರಿದೇ ಹೋಗಿತ್ತು. ಅದರ ಎರಡು ತುದಿಗೆ ಅದುರು ತಡೆಯಲು ಹಾಕಿದ ರಬ್ಬರ್ ಬುಶ್ಶುಗಳು ಬೆಲ್ಲದ ಪುಡಿಯ ಹಾಗೆ ಉದುರಿದವು. ತುಕ್ಕು ಹಿಡಿದ ಬೋಲ್ಟುಗಳು ಬಿಚ್ಚಲು ಒಪ್ಪದೆ ಎಷ್ಟೋ ದಿನ ಡೀಸೆಲ್ ಕುಡಿದವು. ಆ ದಿನಗಳಲ್ಲೇ ನಾನು ಬೆರಳು ಕಾಯುವುದನ್ನು ಕಲಿತದ್ದು. ಒಂದು ಸಲ ಸುತ್ತಿಗೆ ಏಟಿಗೆ ಗಾಡಿ ಕುದುರೆಯ ಮೇಲೆ ಅಲುಗಿತು. ನಾನು ಬೆನ್ನು ಮರೆತು ಎದ್ದು ನಿಂತುಬಿಟ್ಟಿದ್ದೆ. ನನ್ನ ಬೆನ್ನಿಗೋಸ್ಕರ ಗಂಡ ಸತ್ತರೆ ಆ ಬೆನ್ನನ್ನು ಇಟ್ಟುಕೊಂಡು ನಾನೇನು ಮಾಡಲಿ ಎಂದು ರೇಗಾಡಿದೆ. ಅವರು ಹೊರಗೆ ಬಂದು, ಮುಖ ಒರೆಸಿಕೊಂಡು, ಟೀ ಕೊಡು ಎಂದರು.

ಬಿಚ್ಚಿದ ಪಾಟಾಗಳನ್ನು ಗೋಣಿಯಲ್ಲಿ ಸುತ್ತಿ, ಬಳ್ಳಾರಿ ರಸ್ತೆಯಲ್ಲಿ ಲಾರಿಗಳ ಪಾಟಾ ಕಟ್ಟುವ ಒಬ್ಬನ ಹತ್ತಿರ ಒಯ್ದರು. ಓಬಳಾಪುರದ ಕಡೆ ಅದಿರು ಹೊತ್ತು ಓಡಾಡಿದ ಲಾರಿಗಳನ್ನೆಲ್ಲ ಅವನ ಮನೆಯವರು ಕಂಡವರು. ನಮ್ಮ ಸೀಮೆಯಲ್ಲಿ ಪಾಟಾ ರಿಪೇರಿ ಎಂದರೆ ಭಾರ ಜಾಸ್ತಿ ತಡೆಯುವ ಹಾಗೆ ಮಾಡು ಎಂದೇ ಅರ್ಥ. ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಯಜಮಾನರು ಮನೆಯಾಕೆಗೆ ಬೆನ್ನು ಸರಿಯಿಲ್ಲ, ಕೆಲಸ ಚೆನ್ನಾಗಿ ಮಾಡು ಎಂದರಂತೆ. ಅವನಿಗೆ ಅಯ್ಯೋ ಅನ್ನಿಸಿತು. ಹಳೆ ಪಟ್ಟಿಗಳಿಗೆ ಬಾಗು ಕೊಟ್ಟು, ಮುರಿದದ್ದನ್ನು ಬದಲಿಸಿ, "ಅಮ್ಮಾರಿಗೆ ಅಂತ ಒಂದೊಂದು ಪಟ್ಟಿ ಜಾಸ್ತಿ ಹಾಕೀನ್ರಿ" ಎಂದು ಪ್ರೀತಿಯಿಂದ ಕಟ್ಟಿಕೊಟ್ಟ. ಇವರು ಅದನ್ನು ನನಗೆ ಹಬ್ಬದ ಸೀರೆ ತಂದಷ್ಟು ಸಂಭ್ರಮದಲ್ಲಿ ತೋರಿಸಿದರು. ನಾನೂ ಮುಟ್ಟಿ ನೋಡಿ ಖುಷಿಪಟ್ಟೆ. ಗಟ್ಟಿಯಾಗಿದ್ದರೆ ಒಳ್ಳೆಯದೇ ಎಂದು ನಂಬಿದ ಜನ ನಾವು.

ಹೊಸ ಬುಶ್ ಹಾಕಿ, ಮುಂದಿನ ಶಾಕ್ ಅಬ್ಸಾರ್ಬರುಗಳನ್ನು ಬದಲಿಸಿ, ಪಾಟಾಗೆ ಗ್ರೀಸ್ ತುಂಬಿದರು. ಧೂಳು ಹೋಗದಿರಲಿ ಎಂದು ಜೀನ್ಸ್ ಬಟ್ಟೆ ಕತ್ತರಿಸಿ ಪಾಟಾಗೆ ಗವಸು ಹೊಲಿದರು, ಜೋಡಿ ಹೊಲಿಗೆ, ಕಿತ್ತಳೆ ದಾರ. ಪಾಟಾಗೆ ಪ್ಯಾಂಟು ತೊಡಿಸಿದ ಮೊದಲ ಮಾಸ್ಟರ್ ಎಂದು ಓಣಿಯವರೆಲ್ಲ ನಕ್ಕರು. ಗಾಡಿ ನೆಲಕ್ಕೆ ಇಳಿದ ದಿನ ನೆರೆಯ ಗಂಡಸರು ಬಂದು ಡಿಕ್ಕಿಯ ಮೇಲೆ ಕೈಯೂರಿ ಒತ್ತಿದರು. ಒಬ್ಬ ಏರಿ ಕೂತೇಬಿಟ್ಟ. ಗಾಡಿ ಬೆರಳಷ್ಟೂ ಬಗ್ಗಲಿಲ್ಲ. ಎಲ್ಲರೂ ತಲೆದೂಗಿದರು. ಅದಿರು ತುಂಬಿದರೂ ಜಗ್ಗದು ಎಂದು ಒಬ್ಬರು ಅಂದಾಗ ಯಜಮಾನರ ಮುಖ ನೋಡಬೇಕಿತ್ತು.

ಮರುದಿನ ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಬೆಟ್ಟದ ಬುಡದ ತನಕ ಒಂದು ಸುತ್ತು ಹೊರಟರು. ಎರಡು ವರ್ಷದ ಮೇಲೆ ಗಾಡಿ ಹತ್ತಿದ್ದೆ. ಓಣಿ ತಿರುಗುವ ಕಡೆ ಮೊದಲ ಹಂಪು ಬಂತು. ಹಿಂದಿನ ಚಕ್ರ ಅದರ ಮೇಲೆ ಹತ್ತಿ ಇಳಿದದ್ದು ನೇರ ನನ್ನ ಬೆನ್ನಿಗೆ ಬಡಿಯಿತು. ಕಣ್ಣು ಕತ್ತಲೆ ಬಂತು. ಬಾಗಿಲ ಮೇಲಿನ ಹಿಡಿಯನ್ನು ಹಿಡಿದ ಕೈ ಆಮೇಲೆ ಬಿಡಲೇ ಇಲ್ಲ. ವ್ಯಾನಿಗಿಂತ ಏನೂ ಕಡಿಮೆ ಇರಲಿಲ್ಲ. ಅವರು ಕನ್ನಡಿಯಲ್ಲಿ ನನ್ನನ್ನು ನೋಡುತ್ತ ಹೆಂಗೈತಿ ಎಂದು ಕೇಳಿದರು. ಕನ್ನಡಿಯಲ್ಲಿ ನನಗೆ ಕಂಡದ್ದು ಗ್ರೀಸು ಇನ್ನೂ ಪೂರ್ತಿ ಹೋಗದ ಅವರ ಹಣೆ. ಚೆನ್ನಾಗಿದೆ, ತೊಟ್ಟಿಲ ಹಾಗಿದೆ ಎಂದೆ.

ಮನೆ ಮುಟ್ಟಿದವರೇ ಅವರು ನನ್ನ ತಂಗಿಗೆ ಫೋನು ಮಾಡಿದರು. ಬರುವ ಭಾನುವಾರ ಅಕ್ಕನನ್ನು ಕರೆತರುತ್ತೇನೆ ಎಂದರು. ಆ ಕಡೆಯಿಂದ ಮಾತೇ ಬರಲಿಲ್ಲವಂತೆ, ಅಳು ಮಾತ್ರ ಕೇಳಿಸಿತಂತೆ. ನನಗೋ ಚಿಂತೆ ಹತ್ತಿತು. ಬೆಟ್ಟದ ಬುಡಕ್ಕೆ ಹೋಗಿ ಬಂದದ್ದಕ್ಕೇ ಈ ಗತಿ, ಮಡಕಶಿರಾದ ತನಕ ಹೇಗೆ ಕೂರಲಿ? ಈಗ ಆಗುವುದಿಲ್ಲ ಎಂದರೆ ಇವರು ಇಷ್ಟು ದಿನ ಗಾಡಿಯ ಕೆಳಗೆ ಬೆನ್ನು ಸವೆಸಿದ್ದು ನೀರುಪಾಲು. ಆಗುತ್ತದೆ ಎಂದರೆ ನಾನು ದಾರಿಯಲ್ಲಿ ಎಲ್ಲೋ ಬಿದ್ದು ಮತ್ತೆ ಅನಂತಪುರದ ಆಸ್ಪತ್ರೆ. ಜ್ವರ ಬರಲಿ ಎಂದು ಹರಸಿಕೊಂಡೆ, ಮೈ ಕಲ್ಲಿನಂತೆ ತಣ್ಣಗೇ ಇತ್ತು. ಅಡುಗೆಮನೆಯ ಗಟ್ಟಿ ಸ್ಟೂಲಿನ ಮೇಲೆ ಕೂತು ಅಭ್ಯಾಸ ಮಾಡಿದೆ. ಊಟ ಸೇರದು, ಮಾತು ಬೇಡ. ತಂಗಿ ದಿನಾ ಫೋನು ಮಾಡಿ, ನನಗೆ ಎಂದು ಅವರೆಕಾಳು ಬಿಡಿಸಿಟ್ಟದ್ದು, ಹಾಸಿಗೆಗೆ ಹೊಸ ಹತ್ತಿ ತುಂಬಿಸಿದ್ದು ಹೇಳುತ್ತಿದ್ದಳು.

ಶುಕ್ರವಾರ ಬೆಳಿಗ್ಗೆ ಯಜಮಾನರು ನನ್ನನ್ನು ಕರೆದು ಸೀಟಿನಲ್ಲಿ ಸುಮ್ಮನೆ ಕೂರಲು ಹೇಳಿದರು. ಯಾಕೆ ಎಂದು ಕೇಳಿದರೆ ಕುಂದ್ರು ಎಂದರು, ಅಷ್ಟೇ. ಹಿಂದಿನ ಚಕ್ರದ ಪಕ್ಕ ತಮ್ಮ ಮರದ ಅಡಿಕೋಲು ನಿಲ್ಲಿಸಿ, ಮಡ್‌ಗಾರ್ಡಿನ ಅಂಚು ಬರುವ ಕಡೆ ಕೋಲಿನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದರು. ಇಳಿ ಎಂದರು, ಮತ್ತೆ ಗೆರೆ ಎಳೆದರು. ಎರಡು ಗೆರೆ ಒಂದರ ಮೇಲೊಂದು ಬಿದ್ದಿದ್ದವು. ನಾನು ಕೂತರೂ ಪಾಟಾ ಬಗ್ಗಿರಲಿಲ್ಲ, ಬಗ್ಗದ ಪಾಟಾ ಗುಂಡಿಯ ಪೆಟ್ಟನ್ನೂ ನುಂಗದು. ಅವರು ಕೋಲನ್ನು ಕಣ್ಣಿನ ಹತ್ತಿರ ಹಿಡಿದು ಗೆರೆ ನೋಡಿದರು. ಬಟ್ಟೆ ಕತ್ತರಿಸುವಾಗ ಮೈಗೆ ಸ್ವಲ್ಪ ಸಡಿಲ ಬಿಡದಿದ್ದರೆ ಕೂತಾಗ ಕಚ್ಚುತ್ತದೆ ಎಂದು ಶೆಡ್ಡಿನ ಹುಡುಗಿಯರಿಗೆ ಹೇಳಿಕೊಡುತ್ತಿದ್ದ ಮನುಷ್ಯ. ಕೊನೆಗೆ ನನ್ನ ಕಡೆ ತಿರುಗಿದರು.

"ನೀ ಕುಂತದ್ದು ಗಾಡಿಗೆ ಗೊತ್ತಾಗವಲ್ದು. ಖರೆ ಹೇಳು, ಬಡೀತೈತಿ ಹೌದಲ್ಲ?"

ಇಲ್ಲ ಎಂದೆ. ಬಾಯಿ ಅಷ್ಟು ರೂಢಿಯಾಗಿತ್ತು. ಅವರು ಎದ್ದು, ನಿನ್ನ ಮಾತು ಬಿಟ್ಟು ಈ ಗೆರೆಯ ಮಾತು ಕೇಳುತ್ತೇನೆ ಎಂದು ಜಾಕು ತರಲು ಹೋದರು.

ಜಾಸ್ತಿ ಹಾಕಿದ ಪಟ್ಟಿಯನ್ನು ತೆಗೆಯಬೇಕಾದರೆ ಇಡೀ ಪಾಟಾ ಇಳಿಸಿ, ನಡುವಿನ ಬೋಲ್ಟು ಬಿಚ್ಚಬೇಕು. ಬಿಗಿದ ಪಟ್ಟಿಗಳು ಬೋಲ್ಟು ಬಿಚ್ಚಿದ ಕೂಡಲೇ ಸಿಡಿಯುತ್ತವೆ ಎಂದು ಆ ವಿಡಿಯೊದವರೇ ಕೈ ಅಡ್ಡ ಮಾಡಿ ತೋರಿಸಿದ್ದನ್ನು ನಾನೂ ನೋಡಿದ್ದೆ. ಇವರು ಎರಡು ಕಡೆ ಕ್ಲ್ಯಾಂಪು ಹಾಕಿ, ಮುಖ ಬದಿಗೆ ತಿರುಗಿಸಿ, ಒಂದೊಂದೇ ಸುತ್ತು ಸಡಿಲಿಸಿದರು. ನಾನು ಕಟ್ಟೆಯ ಕಂಬ ಹಿಡಿದು ನಿಂತಿದ್ದೆ. ನನ್ನ ಒಂದು ಸುಳ್ಳಿನಿಂದ ಇವರು ಎರಡನೇ ಸಲ ಆ ಗಾಡಿಯ ಕೆಳಗೆ ಹೋಗಿದ್ದಾರೆ ಎಂಬುದು ನನಗೆ ಗೊತ್ತಿತ್ತು. ಈಗ ಹೇಳಲೇ ಎಂದುಕೊಂಡೆ, ಹೇಳಿದರೆ ಅವರ ಗಮನ ತಪ್ಪೀತು ಎಂದು ಬಿಟ್ಟೆ. ಕಟಕ್ ಎಂದು ಸದ್ದಾಯಿತು. ಪಟ್ಟಿಗಳು ಕ್ಲ್ಯಾಂಪಿನೊಳಗೇ ಒಮ್ಮೆ ಮಿಸುಕಿ ನಿಂತವು. ಅವರು ಹೆಚ್ಚಿನ ಪಟ್ಟಿ ಹೊರಗೆಳೆದು ಗೋಡೆಗೆ ಒರಗಿಸಿದರು. ಶನಿವಾರ ಸಂಜೆಗೆ ಎರಡೂ ಬದಿ ಮುಗಿಯಿತು. ನಾನು ಕೂತಾಗ ಗಾಡಿ ಸೀಮೆಸುಣ್ಣದ ಗೆರೆಯಿಂದ ಒಂದು ಬೆರಳು ಕೆಳಗಿಳಿಯಿತು.

ಭಾನುವಾರ ಬೆಳಿಗ್ಗೆ ಹೊರಟೆವು. ಗಾಡಿ ಈಗ ಬಡಿಯುತ್ತಿರಲಿಲ್ಲ, ಸುಳ್ಳು ಹೇಳಬಾರದು. ಗುಂಡಿಯಲ್ಲಿ ಇಳಿದು, ಮೆಲ್ಲಗೆ ತೂಗಿ, ಮೇಲೆ ಬರುತ್ತಿತ್ತು. ಆದರೆ ಬೆನ್ನು ಎಂಬುದು ಗಾಡಿಯ ಭಾಗವಲ್ಲವಲ್ಲ. ಕಲ್ಯಾಣದುರ್ಗ ದಾಟುವ ಹೊತ್ತಿಗೆ ಸೊಂಟದಿಂದ ಎಡಗಾಲಿನ ತನಕ ಒಂದು ಎಳೆತ ಶುರುವಾಗಿತ್ತು. ಅವರು ಬಡೀತೇನು ಎಂದು ಕೇಳಿದಾಗಲೆಲ್ಲ ಇಲ್ಲ ಇಲ್ಲ ಎನ್ನುತ್ತ ಹೋದೆ. ನನ್ನ ಇಲ್ಲ ಕೇಳಿ ಅವರಿಗೆ ಹುರುಪು ಬಂತು. ಗಾಡಿ ಜೋರಾಯಿತು. ಕಡಲೆಕಾಯಿ ಹೊಲಗಳು ಕಿಟಕಿಯಲ್ಲಿ ಹಿಂದಕ್ಕೆ ಓಡುತ್ತಿದ್ದವು, ನನಗೆ ಅವು ಕಾಣುತ್ತಲೇ ಇರಲಿಲ್ಲ. ಕಾಲು ಮರಗಟ್ಟುತ್ತ ಬಂತು. ಆಪರೇಷನ್ನಿಗೆ ಮೊದಲು ಹೀಗೇ ಮರಗಟ್ಟಿತ್ತು. ಇನ್ನು ಸ್ವಲ್ಪ ದೂರ, ತಂಗಿಯ ಮುಖ ನೋಡಿದ ಮೇಲೆ ಏನಾದರಾಗಲಿ ಎಂದು ತುಟಿ ಕಚ್ಚಿದೆ. ಆಮೇಲೆ ಒಂದು ಯೋಚನೆ ಬಂತು. ಅವಳ ಬಾಗಿಲಲ್ಲಿ ಇಳಿಯಲಾಗದೆ ನನ್ನನ್ನು ಎತ್ತಿಕೊಂಡು ಒಳಗೆ ಹೋಗಬೇಕಾದರೆ? ಎರಡು ವರ್ಷ ಕಾದವಳಿಗೆ ನಾನು ತೋರಿಸುವುದು ಅದನ್ನೇ?

"ನೋಯ್ತೈತೆ," ಎಂದೆ. "ತುಂಬ ನೋಯ್ತೈತೆ. ನಿಲ್ಸಿ."

ಗಾಡಿ ರಸ್ತೆ ಬದಿಯ ಹುಣಸೆಮರದ ಕೆಳಗೆ ನಿಂತಿತು. ನಾನು ಅವರ ಮುಖ ನೋಡಲು ಹೆದರಿ ತಲೆ ತಗ್ಗಿಸಿದೆ. ಅವರು ಚಕ್ರದ ಕಡೆ ಹೋಗಲಿಲ್ಲ, ಪಾಟಾ ಬಗ್ಗಿ ನೋಡಲಿಲ್ಲ. ಬಾಗಿಲು ತೆರೆದು, ನನ್ನ ಕಂಕುಳಿಗೆ ಕೈಹಾಕಿ ಇಳಿಸಿದರು. ಎಲ್ಲಿ ಎಂದು ಕೇಳಿದರು. ಸೊಂಟದ ಎಡಗಡೆ, ಅಲ್ಲಿಂದ ತೊಡೆಯ ಹಿಂದೆ, ಮೊಣಕಾಲಿನ ತನಕ ಎಂದು ತೋರಿಸಿದೆ. ಯಾವಾಗಿನಿಂದ ಎಂದರು. ಯಾವಾಗಲೂ, ದಿನಾ, ಆಸ್ಪತ್ರೆಯಿಂದ ಬಂದಾಗಿನಿಂದ ಎಂದೆ. ಹೇಳುತ್ತ ಹೇಳುತ್ತ ಅಳು ಬಂತು, ತಡೆಯಲಿಲ್ಲ. ಅವರು ನನ್ನ ತೋಳು ಹಿಡಿದು ಮರದ ಸುತ್ತ ನಿಧಾನಕ್ಕೆ ನಡೆಸುತ್ತಿದ್ದರು.

"ಎಲ್ಲಿ ನೋವು ಅಂತ ನೀ ಒಂದಿನಾನೂ ಹೇಳಲಿಲ್ಲ," ಎಂದರು. "ನಿನ್ನ ರಿಪೇರಿ ಮಾಡಾಕ ಬರಲಿಲ್ಲ ನನಗ. ಅದಕ್ಕ ಗಾಡಿ ರಿಪೇರಿ ಮಾಡ್ಕೋತ ಕುಂತೆ."

ಅಷ್ಟು ದಿನ ಆ ಪಾದಗಳನ್ನು ನೋಡಿಕೊಂಡು ಕೂತಿದ್ದೆ, ಆ ಕಡೆಯಿಂದ ಅವರೂ ನಾನು ಹೇಗೆ ಏಳುತ್ತೇನೆ, ಹೇಗೆ ಹೆಜ್ಜೆ ಇಡುತ್ತೇನೆ ಎಂದು ನೋಡಿ ನೋಡಿ ಊಹಿಸುತ್ತಿದ್ದರಂತೆ. ಕಾಲಿಗೆ ಜೀವ ಬರುವ ತನಕ ನಡೆದು, ಹಿಂದಿನ ಸೀಟಿನಲ್ಲಿ ದಿಂಬು ಒಟ್ಟಿ, ಅರ್ಧ ಮಲಗಿದ ಹಾಗೆ ಒರಗಿ ಮತ್ತೆ ಹೊರಟೆವು. ಆಮೇಲೆ ನಾನು ಬಾಯಿ ಮುಚ್ಚಲಿಲ್ಲ. ಇಲ್ಲಿ ನಿಧಾನ, ಇಲ್ಲಿ ನೋಯಿತು, ಈಗ ಪರವಾಗಿಲ್ಲ, ಸ್ವಲ್ಪ ನಿಲ್ಲಿಸಿ ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಹೋದೆ. ಅವರು ಒಂದಕ್ಕೂ ಬೇಸರಪಡಲಿಲ್ಲ. ಆತು ಆತು ಎನ್ನುತ್ತ ಗೇರು ಬದಲಿಸುತ್ತಿದ್ದರು. ಮಧ್ಯಾಹ್ನದ ಊಟಕ್ಕೆ ಮುಟ್ಟಬೇಕಾದವರು ಗುಡಿಬಂಡೆ ದಾಟುವಾಗಲೇ ಹೊತ್ತು ಇಳಿದಿತ್ತು.

ತಂಗಿ ತೋಟದ ದಾರಿಯಲ್ಲಿ ನಿಂತಿದ್ದಳು. ಕೂದಲು ಪೂರ್ತಿ ನೆರೆತಿತ್ತು, ಫೋನಿನಲ್ಲಿ ಅದನ್ನು ಅವಳು ಹೇಳಿರಲಿಲ್ಲ. ಗಾಡಿ ನಿಲ್ಲುವುದನ್ನೂ ಕಾಯದೆ ಓಡಿಬಂದು, ನಾನು ಇಳಿಯುತ್ತಿದ್ದಂತೆ ಸೊಪ್ಪಿನ ವಾಸನೆಯ ಎರಡೂ ಕೈಯಲ್ಲಿ ನನ್ನನ್ನು ಬಾಚಿ ತಬ್ಬಿಕೊಂಡಳು. ನಾನು ಅವಳ ಭುಜದ ಮೇಲೆ ಮುಖ ಇಟ್ಟು, "ಮೆಲ್ಲಗೆ ಇಡ್ಕಳೆ, ನೋಯ್ತೈತೆ," ಎಂದೆ.